ಬೆದೆ, ಲೋಳೆ, ಗೊಡ್ಡು: ಹಸುವಿನ ಪ್ರಜನನ ದ್ರವಗಳ ಪ್ರೋಟೀನುಗಳು ಮತ್ತು ಕನ್ನಡದ ಪದಸಂಪತ್ತು

1. ಪ್ರವೇಶ

ಕೆಲವು ವರ್ಷಗಳ ಹಿಂದೆ ಎಂ.ಎ. ತರಗತಿಯಲ್ಲಿ ಜನಪದ ಗದ್ಯದ ಒಂದು ಭಾಗವನ್ನು ಪಾಠ ಮಾಡುತ್ತಿದ್ದಾಗ 'ಬೆದೆ' ಎಂಬ ಪದ ಎದುರಾಯಿತು. ಅರ್ಥವೇನೆಂದು ವಿದ್ಯಾರ್ಥಿಗಳನ್ನು ಕೇಳಿದೆ. ಬಹುಪಾಲು ಮುಂಬಯಿಯಲ್ಲೇ ಹುಟ್ಟಿ ಬೆಳೆದವರು, ಯಾರಿಗೂ ತಿಳಿದಿರಲಿಲ್ಲ. ನಾನಿರುವ ವಿಕ್ರೋಳಿಯಿಂದಲೇ ಬರುತ್ತಿದ್ದ ವಿದ್ಯಾರ್ಥಿನಿಯೊಬ್ಬಳು, ಮನೆಯಲ್ಲಿ ಅಜ್ಜಿಯನ್ನು ಕೇಳಿಕೊಂಡು ಬರುವುದಾಗಿ ಹೇಳಿದಳು. ಅಜ್ಜಿ ವಿಜಾಪುರದ ಕಡೆಯವರು. ಮರುದಿನ ಅವಳು ತಂದ ಉತ್ತರ ಇಷ್ಟೆ: "ದನಕ್ಕ ಬರೋದದು, ಹುಡುಗೀರು ಕೇಳೋದಲ್ಲ ಅಂತ ನಕ್ಕುಬಿಟ್ರು ಸರ್."

ಆ ನಗುವಿನಲ್ಲಿ ಎರಡು ಸಂಗತಿಗಳಿದ್ದವು. ಅಜ್ಜಿಗೆ ಪದ ಗೊತ್ತಿತ್ತು, ಅದರ ಹಿಂದಿನ ಅನುಭವವೂ ಗೊತ್ತಿತ್ತು. ಆದರೆ ಅದನ್ನು ಮೊಮ್ಮಗಳಿಗೆ ದಾಟಿಸಲು ಸಂಕೋಚವಾಯಿತು. ಕೊಟ್ಟಿಗೆ ಇಲ್ಲದ ನಗರ ಒಂದು ಕಡೆಯಿಂದ, ಸಂಕೋಚ ಇನ್ನೊಂದು ಕಡೆಯಿಂದ ಸೇರಿ ಒಂದು ಪದವನ್ನು ಹೇಗೆ ಅಳಿಸಿಬಿಡುತ್ತವೆ ಎಂಬುದು ಅಂದು ನನಗೆ ಸ್ಪಷ್ಟವಾಯಿತು. ಆ ಪದದ ಬೆನ್ನು ಹಿಡಿದು ಹೊರಟಾಗ, ಪಶು ಶರೀರವಿಜ್ಞಾನದಲ್ಲಿ ಹಸುವಿನ ಪ್ರಜನನ ಮಾರ್ಗದ ದ್ರವಗಳನ್ನೂ ಅವುಗಳಲ್ಲಿರುವ ಪ್ರೋಟೀನುಗಳನ್ನೂ ಕುರಿತು ನಡೆದಿರುವ ಸಂಶೋಧನೆಯವರೆಗೆ ಬಂದು ನಿಂತೆ. ನಾನು ಪಶುವೈದ್ಯನಲ್ಲ. ಭಾಷೆಯ ವಿದ್ಯಾರ್ಥಿಯಾಗಿ ಆ ಸಂಶೋಧನೆಯ ಮುಖ್ಯಾಂಶಗಳನ್ನು ಕನ್ನಡದ ಮೂರು ಪದಗಳ ಬೆಳಕಿನಲ್ಲಿ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ. ಬೆದೆ, ಲೋಳೆ ಎಂಬ ಪದಗಳು ಕಂಡದ್ದನ್ನು ಹೇಳುತ್ತವೆ. ಗೊಡ್ಡು ಎಂಬ ಪದ ತೀರ್ಪು ಕೊಡುತ್ತದೆ. ಮೊದಲ ಎರಡನ್ನು ವಿಜ್ಞಾನ ಎತ್ತಿಹಿಡಿದಿದೆ, ಮೂರನೆಯದನ್ನು ಪ್ರಶ್ನಿಸಿದೆ ಎಂಬುದು ಇಲ್ಲಿ ಪ್ರತಿಪಾದಿಸಬಯಸುವ ವಿಚಾರ.

2. ಕನ್ನಡದಲ್ಲಿ ಪಶುಶಾಸ್ತ್ರ

ಇಂತಹ ವಿಷಯ ಕನ್ನಡ ವಿಭಾಗದ ಸಂಪುಟಕ್ಕೆ ಹೊರಗಿನದು ಎಂದು ಯಾರಾದರೂ ಭಾವಿಸಿದರೆ ಅವರಿಗೆ ನಮ್ಮ ಸಾಹಿತ್ಯ ಚರಿತ್ರೆಯೇ ಉತ್ತರ ಹೇಳುತ್ತದೆ. 11ನೆಯ ಶತಮಾನದಲ್ಲಿ ಎರಡನೆಯ ಚಾವುಂಡರಾಯನು ರಚಿಸಿದ 'ಲೋಕೋಪಕಾರ'ದಲ್ಲಿ ನೀರು ಹುಡುಕುವುದು, ಗಿಡಮರಗಳ ಆರೈಕೆ, ವೈದ್ಯ, ಅಡುಗೆ ಮೊದಲಾದ ನಿತ್ಯಜೀವನದ ವಿದ್ಯೆಗಳು ಕನ್ನಡದಲ್ಲಿ ನಿರೂಪಿತವಾಗಿವೆ. 12ನೆಯ ಶತಮಾನದ ಆರಂಭದಲ್ಲಿ ಚಾಳುಕ್ಯ ರಾಜವಂಶದ ಕೀರ್ತಿವರ್ಮನು 'ಗೋವೈದ್ಯ'ವನ್ನು ಬರೆದನು. ದನಗಳ ಚಿಕಿತ್ಸೆಗೆಂದೇ ಒಬ್ಬ ರಾಜಕುಮಾರನು ಗ್ರಂಥ ರಚಿಸಿದ್ದು, ಅದನ್ನು ಸಂಸ್ಕೃತದಲ್ಲಲ್ಲದೆ ಕನ್ನಡದಲ್ಲಿ ರಚಿಸಿದ್ದು ಗಮನಾರ್ಹ. ದನ ಕಾಯುವವನಿಗೆ ತಲುಪಬೇಕಾದ ವಿದ್ಯೆ ಅವನ ಭಾಷೆಯಲ್ಲಿರಬೇಕೆಂಬ ತಿಳಿವಳಿಕೆ ಅದರ ಹಿಂದೆ ಇದ್ದಿರಬೇಕು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. 'ಗೋವೈದ್ಯ'ದಲ್ಲಿ ಔಷಧಿಯೂ ಇದೆ, ಮಂತ್ರವೂ ಇದೆ. ಇಂದಿನ ವಿಜ್ಞಾನವೆಲ್ಲ ಅಂದೇ ಅಲ್ಲಿತ್ತೆಂದು ಸಾಧಿಸಹೊರಡುವುದು ಆ ಗ್ರಂಥಕ್ಕೂ ವಿಜ್ಞಾನಕ್ಕೂ ಮಾಡುವ ಅಪಚಾರ. ಪ್ರೋಟೀನು ಎಂಬ ಪರಿಕಲ್ಪನೆಯೇ 19ನೆಯ ಶತಮಾನದ್ದು. 1838ರಲ್ಲಿ ಡಚ್ ರಸಾಯನಶಾಸ್ತ್ರಜ್ಞ ಮುಲ್ಡರ್ ಆ ಹೆಸರನ್ನು ಬಳಕೆಗೆ ತಂದನು. 'ಮೊದಲ ಸ್ಥಾನದ್ದು' ಎಂಬರ್ಥದ ಗ್ರೀಕ್ ಪದ ಅದರ ಮೂಲ. ನಮ್ಮ ಪಠ್ಯಪುಸ್ತಕಗಳು ಅದಕ್ಕೆ 'ಸಸಾರಜನಕ' ಎಂಬ ಪದವನ್ನು ರೂಢಿಸಿದವು. ಸಾರಜನಕವನ್ನು ಒಳಗೊಂಡದ್ದು ಎಂಬ ಅರ್ಥ ಅದರಲ್ಲಿ ಸರಿಯಾಗಿಯೇ ಇದ್ದರೂ, ಪ್ರೋಟೀನು ಏನು ಮಾಡುತ್ತದೆ ಎಂಬುದನ್ನು ಆ ಪದ ತಿಳಿಸುವುದಿಲ್ಲ. ಪರಂಪರೆಯಿಂದ ನಾವು ಪಡೆಯಬೇಕಾದದ್ದು ಸಿದ್ಧಾಂತವನ್ನಲ್ಲ, ಧೈರ್ಯವನ್ನು. 1918ರಲ್ಲಿ ಬೆಳ್ಳಾವೆ ವೆಂಕಟನಾರಣಪ್ಪನವರೂ ನಂಗಪುರಂ ವೆಂಕಟೇಶ ಅಯ್ಯಂಗಾರ್ಯರೂ 'ವಿಜ್ಞಾನ' ಪತ್ರಿಕೆಯನ್ನು ಹೊರಡಿಸಿದಾಗ ತೋರಿದ್ದೂ ಅದೇ ಧೈರ್ಯ.

3. ಬೆದೆ

ಹಸುವಿನ ಋತುಚಕ್ರ ಸುಮಾರು 21 ದಿನಗಳದು. ಅದರಲ್ಲಿ ಅದು ಹೋರಿಯನ್ನು ಸ್ವೀಕರಿಸುವ ಅವಧಿ ಹನ್ನೆರಡರಿಂದ ಹದಿನೆಂಟು ಗಂಟೆಗಳಷ್ಟೆ. ಈ ಅವಧಿಯ ಹೆಸರೇ ಬೆದೆ. ಹಸು ಒಂದೇ ಸಮನೆ ಕೂಗುತ್ತದೆ, ಮೇವು ಬಿಡುತ್ತದೆ, ಬೇರೆ ದನಗಳ ಮೇಲೆ ಹಾರುತ್ತದೆ, ತನ್ನ ಮೇಲೆ ಹಾರಿದರೆ ನಿಂತುಕೊಳ್ಳುತ್ತದೆ. ಹಿಂಭಾಗದಿಂದ ತಿಳಿಯಾದ ಲೋಳೆ ದಾರದಂತೆ ಇಳಿಬೀಳುತ್ತದೆ.

ಇದೇ ಪದ ನಮ್ಮ ಬೇಸಾಯದಲ್ಲಿಯೂ ಇದೆ. 'ಹದಬೆದೆ ನೋಡಿ ಬಿತ್ತು' ಎಂಬಲ್ಲಿ ಬೆದೆ ಎಂದರೆ ಬಿತ್ತನೆಗೆ ತಕ್ಕ ನೆಲದ ತೇವ. ತಮಿಳಿನಲ್ಲಿ ಬೀಜಕ್ಕೂ ಬಿತ್ತುವುದಕ್ಕೂ ಸಲ್ಲುವ 'ವಿದೈ' ಎಂಬ ಪದವನ್ನು ಇದರೊಂದಿಗೆ ಹೋಲಿಸಿ ನೋಡಬಹುದು. ನೆಲದ ಬೆದೆ, ದನದ ಬೆದೆ ಎರಡರ ಮೂಲ ಒಂದೇ ಆಗಿರಲಿ, ಬೇರೆಯಾಗಿರಲಿ, ಒಕ್ಕಲಿಗನ ಬಾಯಲ್ಲಿ ಅವು ಒಂದನ್ನೊಂದು ತಾಗಿಕೊಂಡೇ ನಿಂತಿವೆ. ಒಣನೆಲದಲ್ಲಿ ಬೀಜ ಬಿದ್ದರೆ ಇರುವೆಗೆ ಆಹಾರ. ಕೆಸರಿನಲ್ಲಿ ಬಿದ್ದರೆ ಕೊಳೆಯುತ್ತದೆ. ಹದವಾದ ತೇವವೇ ಬೀಜವನ್ನು ಬದುಕಿಸುವುದು.

ಪ್ರಾಚೀನ ಧರ್ಮಶಾಸ್ತ್ರಗಳೂ ಬೀಜ ಮತ್ತು ಕ್ಷೇತ್ರಗಳ ಹೋಲಿಕೆಯನ್ನು ಬಳಸಿವೆ. ಅಲ್ಲಿ ಮುಖ್ಯವಾದದ್ದು ಬೀಜ ಯಾರದು, ಫಲ ಯಾರಿಗೆ ಸೇರಬೇಕು ಎಂಬ ಒಡೆತನದ ಪ್ರಶ್ನೆ. ಕ್ಷೇತ್ರವು ಕಾದು ಬಿದ್ದಿರುವ ವಸ್ತು. ಬೆದೆ ಎಂಬ ಪದದಲ್ಲಿ ಅಂತಹ ಜಡತೆಯಿಲ್ಲ. ಬೆದೆ ಬರುತ್ತದೆ, ಆರುತ್ತದೆ, ತಪ್ಪುತ್ತದೆ; ಅದಕ್ಕೆ ತನ್ನದೇ ಕಾಲವಿದೆ, ಬಿತ್ತುವವನು ಅದಕ್ಕಾಗಿ ಕಾಯಬೇಕು. ಪ್ರಜನನ ಮಾರ್ಗವನ್ನು ವೀರ್ಯಾಣು ಹಾದುಹೋಗುವ ಬರಿಯ ದಾರಿಯೆಂದು ತಿಳಿದಿದ್ದ ಕಾಲದಿಂದ, ಆ ದಾರಿಯ ತೇವವೇ ಕೆಲಸ ಮಾಡುತ್ತದೆ ಎಂಬ ತಿಳಿವಳಿಕೆಯವರೆಗೆ ವಿಜ್ಞಾನ ನಡೆದುಬಂದ ಹಾದಿಯನ್ನು ಇನ್ನು ನೋಡೋಣ.

4. ಲೋಳೆ

ಹೋರಿಯೊಡನೆ ಸಹಜವಾಗಿ ಕೂಡಿದಾಗ ವೀರ್ಯವು ಯೋನಿಯ ಒಳತುದಿಯಲ್ಲಿ, ಗರ್ಭಾಶಯದ ಕಂಠದ ಹೊರಗೆ ಬೀಳುತ್ತದೆ. ಗರ್ಭಕಂಠವು ಮಡಿಕೆಮಡಿಕೆಯಾದ ದಪ್ಪ ಬಾಗಿಲು. ಬೆದೆಯ ಲೋಳೆಯನ್ನು ಸ್ರವಿಸುವುದು ಮುಖ್ಯವಾಗಿ ಈ ಬಾಗಿಲೇ. ಅದರ ಬಹುಪಾಲು ನೀರು. ಆ ನೀರಿಗೆ ಲೋಳೆತನವನ್ನು ಕೊಡುವುದು ಮ್ಯೂಸಿನ್ ಎಂಬ ಪ್ರೋಟೀನುಗಳ ಗುಂಪು. ಪ್ರೋಟೀನಿನ ಉದ್ದವಾದ ಎಳೆಗೆ ಸಕ್ಕರೆಯ ಕಿರುಸರಪಣಿಗಳು ಶೀಗೆಬಳ್ಳಿಯ ಮುಳ್ಳುಗಳಂತೆ ಒತ್ತಾಗಿ ಅಂಟಿಕೊಂಡಿರುತ್ತವೆ. ಸಕ್ಕರೆ ನೀರನ್ನು ಹಿಡಿಯುತ್ತದೆ; ಎಳೆಗಳು ಒಂದರೊಡನೊಂದು ಹೆಣೆದು ಬಲೆಯಾಗುತ್ತವೆ.

ಈ ಬಲೆಯ ಹೆಣಿಗೆ ದಿನದಿನಕ್ಕೆ ಬದಲಾಗುತ್ತದೆ. ಬೆದೆಯಲ್ಲಿ ಈಸ್ಟ್ರೋಜೆನ್ ಹಾರ್ಮೋನಿನ ಪ್ರಭಾವದಿಂದ ಲೋಳೆ ಹೇರಳವಾಗಿ, ತೆಳುವಾಗಿ, ಮೊಟ್ಟೆಯ ಬಿಳಿಯಂತೆ ತಿಳಿಯಾಗಿರುತ್ತದೆ. ಅದನ್ನು ಗಾಜಿನ ಪಟ್ಟಿಯ ಮೇಲೆ ಒಣಗಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ, ಲೋಳೆಯ ಉಪ್ಪು ಹರಳುಗಟ್ಟಿ ಜರಿಗಿಡದ ಎಲೆಯಂತಹ ಚಿತ್ತಾರ ಮೂಡುತ್ತದೆ. ಬೆದೆ ಕಳೆದ ಮೇಲೆ ಪ್ರೊಜೆಸ್ಟಿರೋನ್ ಹೆಚ್ಚಿದಂತೆ ಲೋಳೆ ಗಟ್ಟಿಯಾಗಿ, ಅಂಟಾಗಿ, ಬಾಗಿಲನ್ನು ಮುಚ್ಚುತ್ತದೆ. ಗಬ್ಬವಾದ ಹಸುವಿನಲ್ಲಿ ಅದು ಬಿರಡೆಯಾಗಿ ನಿಂತು ಹೊರಗಿನ ಸೋಂಕನ್ನು ತಡೆಯುತ್ತದೆ. ತೆರೆಯುವುದಕ್ಕೂ ಮುಚ್ಚುವುದಕ್ಕೂ ಒಂದೇ ವಸ್ತು.

1989ರಲ್ಲಿ ಮಲಿನ್ಸ್ ಮತ್ತು ಸಾಕೆ ಎಂಬ ವಿಜ್ಞಾನಿಗಳು ಹಸುವಿನ ಗರ್ಭಕಂಠದ ಒಳರಚನೆಯನ್ನು ಪರಿಶೀಲಿಸಿ ಇನ್ನೂ ಸೂಕ್ಷ್ಮವಾದ ವಿಚಾರವನ್ನು ಪ್ರಕಟಿಸಿದರು. ಮಡಿಕೆಗಳ ತಳದ ಕಿರುಗಾಲುವೆಗಳಲ್ಲಿರುವ ಲೋಳೆ ತೆಳುವಾದದ್ದು. ನಡುವಿನ ಹಾದಿಯಲ್ಲಿರುವ ಲೋಳೆ ಬೇರೆ ಬಗೆಯದು, ಮಂದವಾದದ್ದು. ನಡುಹಾದಿಯ ಲೋಳೆ ಹೊರಕ್ಕೆ ಹರಿಯುತ್ತ ಕಸವನ್ನು ಕೊಚ್ಚಿಕೊಂಡು ಹೋದರೆ, ಬಲವಾಗಿ ಈಜಬಲ್ಲ ವೀರ್ಯಾಣುಗಳು ತಳದ ಕಾಲುವೆಗಳನ್ನು ಹಿಡಿದು ಮೇಲೇರಬಲ್ಲವು. ನಾವು ಕೊಳೆಯೆಂದು ಒರೆಸಿಬಿಡುವ ಲೋಳೆ ಒಂದು ಜರಡಿಯ ಕೆಲಸ ಮಾಡುತ್ತಿರುತ್ತದೆ.

ಲೋಳೆಯನ್ನು ಓದುವ ಕಣ್ಣು ಮನುಷ್ಯನಿಗೆ ಅನಿವಾರ್ಯವಾದದ್ದು ಕೃತಕ ಗರ್ಭಧಾರಣೆ ಬಂದ ಮೇಲೆ. ಹೋರಿ ಬೆದೆಯನ್ನು ಮೂಗಿನಿಂದ ಅರಿಯುತ್ತದೆ. ಹೋರಿಯಿಲ್ಲದ ಕೊಟ್ಟಿಗೆಯಲ್ಲಿ ಆ ಹೊಣೆ ಸಾಕುವವನದು. ಭಾರತದಲ್ಲಿ ಈ ವಿಧಾನ ಮೊದಲು ನಡೆದದ್ದು ಕನ್ನಡನಾಡಿನಲ್ಲೇ ಎಂಬುದನ್ನು ಇಲ್ಲಿ ಸ್ಮರಿಸಬೇಕು. 1939ರಲ್ಲಿ ಮೈಸೂರಿನ ಅರಮನೆಯ ಡೈರಿ ಫಾರಂನಲ್ಲಿ ಸಂಪತ್ ಕುಮಾರನ್ ಅವರು ಹೋಲ್‌ಸ್ಟೀನ್ ಫ್ರೀಸಿಯನ್ ಹೋರಿಯ ವೀರ್ಯವನ್ನು ಹಳ್ಳಿಕಾರ್ ಹಸುಗಳಿಗೆ ನೀಡಿದರು. 33 ಹಸುಗಳು ಗಬ್ಬವಾದವು. ಸಮಯದ ಲೆಕ್ಕವನ್ನು ಖಚಿತಪಡಿಸಿದ್ದು ಅಮೆರಿಕದ ನೆಬ್ರಾಸ್ಕದ ಟ್ರಿಂಬರ್ಗರ್, 1948ರಲ್ಲಿ. ಅಂಡಾಣು ಹೊರಬೀಳುವುದು ಬೆದೆ ಮುಗಿದ ಮೇಲೆ, ಸುಮಾರು ಹತ್ತು ಹನ್ನೆರಡು ಗಂಟೆಗಳ ನಂತರ. ಆದುದರಿಂದ ಬೆಳಿಗ್ಗೆ ಬೆದೆ ಕಂಡರೆ ಅಂದು ಸಂಜೆ, ಸಂಜೆ ಕಂಡರೆ ಮರುದಿನ ಬೆಳಿಗ್ಗೆ ವೀರ್ಯ ಕೊಡಿಸಬೇಕು. ಬೆದೆಗೆ ಬಂದ ಎರಡು ಮೂರು ದಿನಗಳ ಮೇಲೆ ಕೆಲವು ಹಸುಗಳಲ್ಲಿ ಲೋಳೆಯೊಡನೆ ರಕ್ತ ಕಾಣುತ್ತದೆ. ಅದು ಬೆದೆ ಕಳೆದುಹೋಯಿತೆಂಬುದರ ಗುರುತು ಮಾತ್ರ. ಗಬ್ಬ ನಿಂತಿತೆಂದಾಗಲಿ ನಿಲ್ಲಲಿಲ್ಲವೆಂದಾಗಲಿ ಅದರಿಂದ ತಿಳಿಯುವುದಿಲ್ಲ. ಲೋಳೆ ಕೀವಿನಂತೆ ಮಾಸಲಾಗಿದ್ದರೆ ಅದು ಸೋಂಕಿನ ಸೂಚನೆ, ಚಿಕಿತ್ಸೆ ಬೇಕು.

ಎಮ್ಮೆಯ ವಿಚಾರ ಇನ್ನೂ ಕಷ್ಟದ್ದು. ಅದರ ಬೆದೆ ಅನೇಕ ವೇಳೆ ಮೂಕವಾದದ್ದು. ಹಸುವಿನಂತೆ ಲೋಳೆ ದಾರವಾಗಿ ತೂಗುವುದಿಲ್ಲ. ಯೋನಿಯ ತಳದಲ್ಲಿ ನಿಂತಿದ್ದು ಎಮ್ಮೆ ಮಲಗಿದಾಗ ಹೊರಬೀಳುತ್ತದೆ. ಕಣ್ಣಿಗೆ ಕಾಣದ ಬೆದೆಯನ್ನು ಪ್ರೋಟೀನಿನಿಂದ ಗುರುತಿಸಬಹುದೇ ಎಂಬ ಪ್ರಶ್ನೆಯನ್ನೆತ್ತಿಕೊಂಡು ತಿರುಚಿರಾಪಳ್ಳಿಯ ಭಾರತಿದಾಸನ್ ವಿಶ್ವವಿದ್ಯಾಲಯದ ಸಂಶೋಧಕರು ಎಮ್ಮೆಯ ಲೋಳೆಯ ಪ್ರೋಟೀನುಗಳನ್ನು ಪರೀಕ್ಷಿಸಿದರು. ಹೀಟ್ ಶಾಕ್ ಪ್ರೋಟೀನು 70 ಎಂಬುದು ಬೆದೆಯ ಸೂಚಕವಾಗಬಹುದೆಂದು 2014ರಲ್ಲಿ ಪ್ರಕಟಿಸಿದರು. ಅಜ್ಜಿಯ ಕಣ್ಣು ಮಾಡುತ್ತಿದ್ದ ಕೆಲಸಕ್ಕೆ ಪ್ರಯೋಗಾಲಯವೂ ಲೋಳೆಯನ್ನೇ ಆರಿಸಿಕೊಂಡಿತೆಂಬುದು ಅರ್ಥಪೂರ್ಣ.

5. ನಾಳವೆಂಬ ತಪ್ಪು ಹೆಸರು

ಗರ್ಭಾಶಯದ ಕೊಂಬುಗಳಿಂದ ಅಂಡಾಶಯದ ಕಡೆಗೆ ಚಾಚಿರುವ ಭಾಗವನ್ನು ನಾವು 'ಅಂಡನಾಳ' ಎನ್ನುತ್ತೇವೆ. ಹಸುವಿನಲ್ಲಿ ಇದು ಸುಮಾರು 20ರಿಂದ 25 ಸೆಂಟಿಮೀಟರ್ ಉದ್ದದ ಸುರುಳಿ. ನಾಳವೆಂದೊಡನೆ ನೀರು ಹರಿಯುವ ಕೊಳವೆ ಮನಸ್ಸಿಗೆ ಬರುತ್ತದೆ. 1561ರಲ್ಲಿ ಇಟಲಿಯ ಫಲೋಪಿಯಸ್ ಇದನ್ನು ವರ್ಣಿಸಿದಾಗ ಕಹಳೆಗೆ ಹೋಲಿಸಿದ್ದನು. ಅದೂ ಟೊಳ್ಳಾದ ವಸ್ತುವೇ. ಈ ಹೆಸರುಗಳು ಆಕಾರವನ್ನು ಹೇಳಿ ಕೆಲಸವನ್ನು ಮರೆಸುತ್ತವೆ.

1951ರಲ್ಲಿ ಅಮೆರಿಕದಲ್ಲಿದ್ದ ಚಾಂಗ್ ಮತ್ತು ಆಸ್ಟ್ರೇಲಿಯದಲ್ಲಿದ್ದ ಆಸ್ಟಿನ್ ಪ್ರತ್ಯೇಕವಾಗಿ ಒಂದೇ ತೀರ್ಮಾನಕ್ಕೆ ಬಂದರು. ಆಗತಾನೆ ಹೊರಬಂದ ವೀರ್ಯಾಣುವಿಗೆ ಅಂಡಾಣುವನ್ನು ಫಲಿಸುವ ಸಾಮರ್ಥ್ಯವಿರುವುದಿಲ್ಲ. ಹೆಣ್ಣಿನ ಪ್ರಜನನ ಮಾರ್ಗದಲ್ಲಿ ಕೆಲವು ಗಂಟೆಗಳ ಕಾಲ ಇದ್ದ ಬಳಿಕವೇ ಅದು ಪಕ್ವವಾಗುತ್ತದೆ. ಮಾರ್ಗವು ದಾರಿಯಷ್ಟೇ ಅಲ್ಲ, ಪಾಕಶಾಲೆಯೂ ಹೌದೆಂದು ಅಂದು ತಿಳಿಯಿತು.

ಅನಂತರದ ದಶಕಗಳಲ್ಲಿ ಈ ಪಾಕದ ಸಾಮಗ್ರಿಗಳು ಒಂದೊಂದಾಗಿ ಗೊತ್ತಾದವು. ಅಂಡನಾಳದ ಕೆಳಭಾಗದ ಇಕ್ಕಟ್ಟಿನಲ್ಲಿ ವೀರ್ಯಾಣುಗಳು ಗೋಡೆಗೆ ಅಂಟಿಕೊಂಡು ತಂಗುತ್ತವೆ. ಹೋರಿಯ ವೀರ್ಯದ್ರವದಿಂದ ವೀರ್ಯಾಣುವಿಗೆ ಲೇಪವಾಗಿ ಬಂದಿರುವ ಪ್ರೋಟೀನುಗಳು, ಅಂಡನಾಳದ ಗೋಡೆಯ ಅನೆಕ್ಸಿನ್ ಎಂಬ ಪ್ರೋಟೀನುಗಳನ್ನು ಹಿಡಿದುಕೊಳ್ಳುತ್ತವೆ. ಹೀಗೆ ತಂಗಿದ ವೀರ್ಯಾಣು ಹೆಚ್ಚು ಹೊತ್ತು ಬದುಕುತ್ತದೆ. ಅಂಡಾಣು ಬರುವ ಹೊತ್ತಿಗೆ ಕೆಲವೇ ಕೆಲವು ಬಿಡುಗಡೆಯಾಗಿ ಮೇಲೆ ಸಾಗುತ್ತವೆ. ಕೋಟಿಗಟ್ಟಲೆ ಹೊರಟು ಸಾವಿರಗಳ ಲೆಕ್ಕದಲ್ಲಿ ಇಲ್ಲಿಗೆ ತಲುಪಿದವುಗಳಿಗೂ ಸರದಿಯಿದೆ.

ಬೆದೆಯ ಹೊತ್ತಿಗೆ ಅಂಡನಾಳದ ಒಳಪದರದ ಕೋಶಗಳು ವಿಶೇಷವಾದ ಒಂದು ಪ್ರೋಟೀನನ್ನು ಸ್ರವಿಸುತ್ತವೆ. ಸಕ್ಕರೆಗೂಡಿದ ಈ ಪ್ರೋಟೀನಿಗೆ ಓವಿಡಕ್ಟಿನ್ ಎಂದು ಹೆಸರು. ಅಂಡಾಣುವಿನ ಸುತ್ತ ಪಾರದರ್ಶಕವಾದ ಒಂದು ದಪ್ಪ ಪೊರೆಯಿರುತ್ತದೆ. ಒಂದು ವೀರ್ಯಾಣು ಒಳಹೊಕ್ಕರೆ ಕರು. ಒಂದಕ್ಕಿಂತ ಹೆಚ್ಚು ಹೊಕ್ಕರೆ ಭ್ರೂಣ ಬಾಳುವುದಿಲ್ಲ. 2008ರಲ್ಲಿ ಸ್ಪೇನಿನ ಮುರ್ಸಿಯ ವಿಶ್ವವಿದ್ಯಾಲಯದ ಪಿಲಾರ್ ಕೊಯ್ ಮತ್ತು ಸಹೋದ್ಯೋಗಿಗಳು ಹಂದಿ ಮತ್ತು ಹಸುವಿನ ಅಂಡಾಣುಗಳನ್ನು ಅಂಡನಾಳದ ದ್ರವದಲ್ಲಿರಿಸಿ ಪರೀಕ್ಷಿಸಿದಾಗ, ಆ ಪೊರೆ ಮೊದಲಿಗಿಂತ ಗಟ್ಟಿಯಾದದ್ದೂ, ಅದಕ್ಕೆ ಅಂಟುವ ವೀರ್ಯಾಣುಗಳ ಸಂಖ್ಯೆ ಇಳಿದದ್ದೂ ಕಂಡುಬಂದಿತು. ಈ ಗಟ್ಟಿತನಕ್ಕೆ ಓವಿಡಕ್ಟಿನ್ ಮುಖ್ಯ ಕಾರಣವೆಂದು ಅವರು ತೋರಿಸಿದರು. ವೀರ್ಯಾಣು ಬರುವ ಮೊದಲೇ ಬಾಗಿಲನ್ನು ಹದವಾಗಿ ಬಿಗಿಗೊಳಿಸುವ ಈ ಕಾರ್ಯವನ್ನು 'ನಾಳ' ಎಂಬ ಪದ ಹೇಗೆ ತಾನೇ ಸೂಚಿಸೀತು?

6. ಗರ್ಭಾಶಯದ ಹಾಲು

ಫಲಿತವಾದ ಅಂಡಾಣು ನಾಲ್ಕೈದು ದಿನಗಳಲ್ಲಿ ಗರ್ಭಾಶಯಕ್ಕೆ ಇಳಿಯುತ್ತದೆ. ಹಸುವಿನಲ್ಲಿ ಅದು ಕೂಡಲೇ ಗೋಡೆಗೆ ಅಂಟಿಕೊಳ್ಳುವುದಿಲ್ಲ. ಸುಮಾರು 19 ಅಥವಾ 20ನೆಯ ದಿನದವರೆಗೆ ಅದು ಗರ್ಭಾಶಯದ ದ್ರವದಲ್ಲಿ ತೇಲುತ್ತಲೇ ಬೆಳೆಯಬೇಕು. ಆ ದ್ರವದಲ್ಲಿ ಸಕ್ಕರೆ, ಕೊಬ್ಬು, ಅಮೈನೋ ಆಮ್ಲಗಳೊಡನೆ ಗರ್ಭಾಶಯದ ಗ್ರಂಥಿಗಳು ಸ್ರವಿಸುವ ಅನೇಕ ಪ್ರೋಟೀನುಗಳಿವೆ. ಹಿಂದಿನ ಯುರೋಪಿನ ವಿದ್ವಾಂಸರು ಇದನ್ನು 'ಗರ್ಭಾಶಯದ ಹಾಲು' ಎಂದು ಕರೆದಿದ್ದರು. ಕೆಚ್ಚಲಿನ ಹಾಲಿಗೆ ಮುಂಚೆಯೇ ಕರು ಕುಡಿಯುವ ಮೊದಲ ಹಾಲಿದು ಎಂಬ ಮಾತು ಕನ್ನಡದ ಕಿವಿಗೂ ಒಪ್ಪುತ್ತದೆ.

ಈ ಹಾಲನ್ನುಂಡ ಭ್ರೂಣ ಎರಡನೆಯ ವಾರದ ಕೊನೆಯಲ್ಲಿ ಕೆಲವೇ ಮಿಲಿಮೀಟರ್ ಉದ್ದವಿದ್ದದ್ದು, 16ನೆಯ ದಿನದ ಹೊತ್ತಿಗೆ ಬೆರಳುದ್ದದ ದಾರವಾಗಿರುತ್ತದೆ. ಇಷ್ಟು ಅವಸರಕ್ಕೆ ಕಾರಣವಿದೆ. ಗಬ್ಬ ನಿಂತಿರುವ ಸುದ್ದಿ ತಾಯಿಗೆ ತಲುಪದಿದ್ದರೆ, ಗರ್ಭಾಶಯವು ಪ್ರೊಸ್ಟಗ್ಲಾಂಡಿನ್ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡಿ, ಅಂಡಾಶಯದಲ್ಲಿ ಗರ್ಭವನ್ನು ಕಾಯುವ ಹಳದಿ ಗಂಟನ್ನು ಕರಗಿಸಿಬಿಡುತ್ತದೆ. ಹಸು ಮತ್ತೆ ಬೆದೆಗೆ ಬರುತ್ತದೆ, ಭ್ರೂಣ ಅಳಿಯುತ್ತದೆ. ಇದನ್ನು ತಡೆಯಲು ಭ್ರೂಣ ತಾನೇ ಒಂದು ಪ್ರೋಟೀನನ್ನು ಆ ದ್ರವಕ್ಕೆ ಸ್ರವಿಸುತ್ತದೆ. 1987ರಲ್ಲಿ ಕುರಿಯ ಭ್ರೂಣದ ಇಂತಹ ಪ್ರೋಟೀನಿನ ರಚನೆಯನ್ನು ಬಿಡಿಸಿದಾಗ ವಿಜ್ಞಾನಿಗಳಿಗೆ ಅಚ್ಚರಿ ಕಾದಿತ್ತು: ಅದು ಇಂಟರ್‌ಫೆರಾನ್ ಕುಟುಂಬಕ್ಕೆ ಸೇರಿದ್ದು. 1957ರಲ್ಲಿ ಐಸಾಕ್ಸ್ ಮತ್ತು ಲಿಂಡನ್‌ಮನ್ ವೈರಸ್ಸುಗಳನ್ನು ತಡೆಯುವ ವಸ್ತುವೆಂದು ಗುರುತಿಸಿದ್ದ ಕುಟುಂಬವದು. ಹಸುವಿನ ಭ್ರೂಣವೂ ಇದೇ ಬಗೆಯ, ಇಂದು ಇಂಟರ್‌ಫೆರಾನ್ ಟೌ ಎಂದು ಕರೆಯಲಾಗುವ, ಪ್ರೋಟೀನಿನ ಮೂಲಕ 'ನಾನಿದ್ದೇನೆ' ಎಂದು ತಾಯಿಗೆ ತಿಳಿಸುತ್ತದೆ. ತಾಯಿ ಮತ್ತು ಕರುವಿನ ಮೊದಲ ಸಂಭಾಷಣೆ ನಡೆಯುವುದು ಈ ದ್ರವದಲ್ಲಿ, ಪ್ರೋಟೀನುಗಳ ಭಾಷೆಯಲ್ಲಿ.

7. ಒಂದು ಆಕ್ಷೇಪ

ಇಲ್ಲೊಂದು ನ್ಯಾಯವಾದ ಆಕ್ಷೇಪವನ್ನು ಎದುರಿಸಬೇಕು. 1981ರಲ್ಲಿ ಅಮೆರಿಕದಲ್ಲಿ, ಗಾಜಿನ ಪಾತ್ರೆಯಲ್ಲಿ ಫಲಿತವಾದ ಅಂಡಾಣುವಿನಿಂದ ಮೊದಲ ಕರು ಹುಟ್ಟಿತು. ಇಂದು ಅಂತಹ ಕರುಗಳು ಲೋಕದ ಹಲವು ಕಡೆ ಹುಟ್ಟುತ್ತಿವೆ. ಅಂಡನಾಳದ ದ್ರವವಿಲ್ಲದೆಯೇ ಕರು ಹುಟ್ಟುವುದಾದರೆ ಆ ದ್ರವದ ಮಹತ್ವವೇನು?

ಉತ್ತರವನ್ನು ಪ್ರಯೋಗಗಳೇ ಕೊಟ್ಟಿವೆ. 2002ರಲ್ಲಿ ಡಬ್ಲಿನ್ನಿನಲ್ಲಿ ರಿಜೋಸ್ ಮತ್ತು ಸಂಗಡಿಗರು, ಹಸುವಿನ ಭ್ರೂಣಗಳಲ್ಲಿ ಕೆಲವನ್ನು ಗಾಜಿನ ಪಾತ್ರೆಯಲ್ಲಿಯೂ ಕೆಲವನ್ನು ಕುರಿಯ ಅಂಡನಾಳದಲ್ಲಿಯೂ ಬೆಳೆಸಿ ಹೋಲಿಸಿದರು. ಎಷ್ಟು ಭ್ರೂಣಗಳು ಬೆಳೆಯುತ್ತವೆ ಎಂಬುದನ್ನು ನಿರ್ಧರಿಸಿದ್ದು ಅಂಡಾಣುವಿನ ಗುಣ. ಬೆಳೆದ ಭ್ರೂಣ ಎಷ್ಟು ಗಟ್ಟಿಮುಟ್ಟು ಎಂಬುದನ್ನು ನಿರ್ಧರಿಸಿದ್ದು ಅದು ಬೆಳೆದ ನೆಲೆ. ಅಂಡನಾಳದಲ್ಲಿ ಬೆಳೆದವು ಶೀತಲೀಕರಣವನ್ನು ಹೆಚ್ಚು ಚೆನ್ನಾಗಿ ತಾಳಿಕೊಂಡವು. ಹೀಗಾಗಿ ಪಾತ್ರೆಯ ದ್ರವಕ್ಕೆ ಅಂಡನಾಳದ ದ್ರವವನ್ನೇ ಅತ್ಯಲ್ಪ ಪ್ರಮಾಣದಲ್ಲಿ ಬೆರೆಸಿ ನೋಡುವ ಸಂಶೋಧನೆಗಳು ನಡೆದವು. ಬೆದೆಯಿಲ್ಲದ ನೆಲದಲ್ಲಿ ನೀರು ಹೊತ್ತು ಹುಯ್ದರೂ ಮೊಳಕೆ ಬರುತ್ತದೆ. ಮಳೆಯ ಹದದಲ್ಲಿ ಬಂದ ಮೊಳಕೆಗೂ ಅದಕ್ಕೂ ವ್ಯತ್ಯಾಸವಿದೆ ಎಂದು ಒಕ್ಕಲಿಗನು ಇದನ್ನೇ ಹೇಳಿಯಾನು.

8. ಗೊಡ್ಡು

ಈಗ ಮೂರನೆಯ ಪದಕ್ಕೆ ಬರೋಣ. ಗಬ್ಬ ಕಟ್ಟದ ಹಸು ಗೊಡ್ಡು. ಹಾಲು ಬತ್ತಿದ ಹಸುವೂ ಗೊಡ್ಡೇ. ಎರಡು ಬೇರೆಬೇರೆ ಸ್ಥಿತಿಗಳನ್ನು ಒಂದೇ ಪದ ನುಂಗಿಕೊಂಡಿದೆ. ಈ ಪದ ಬಿದ್ದ ಮೇಲೆ ಹಸು ಕೊಟ್ಟಿಗೆಯಲ್ಲಿ ಬಹಳ ದಿನ ಉಳಿಯುವುದಿಲ್ಲ.

ಮುಂಬಯಿ ಈ ಮಾತಿಗೆ ದೊಡ್ಡ ಸಾಕ್ಷಿ. ನಗರದ ತಬೇಲಾಗಳಿಗೆ ಗುಜರಾತ್, ಹರಿಯಾಣಗಳ ಕಡೆಯಿಂದ ಆಗತಾನೆ ಈದ ಎಮ್ಮೆಗಳನ್ನು ತರುತ್ತಿದ್ದರು. ಹಾಲು ಇರುವವರೆಗೆ ಕರೆದು, ಬತ್ತಿದ ಮೇಲೆ ಬಹಳಷ್ಟನ್ನು ಕಸಾಯಿಖಾನೆಗೆ ಮಾರುತ್ತಿದ್ದರು. ಇಕ್ಕಟ್ಟಾದ ಜಾಗದಲ್ಲಿ, ದುಬಾರಿ ಮೇವಿನಲ್ಲಿ, ಮುಂದಿನ ಬೆದೆಗೆ ಕಾದು, ಗಬ್ಬ ಕಟ್ಟಿಸಿ, ಹತ್ತು ತಿಂಗಳು ಸಾಕುವುದು ತಬೇಲಾದವನ ಲೆಕ್ಕಕ್ಕೆ ಹೊಂದುತ್ತಿರಲಿಲ್ಲ. ತಳಿಯ ಉತ್ತಮ ಎಮ್ಮೆಗಳು ಒಂದೇ ಸೂಲಿಗೆ ಮುಗಿದುಹೋದವು. ತಬೇಲಾಗಳನ್ನು ನಗರದಿಂದ ಹೊರಗೆ ಒಯ್ಯಲು 1949ರಲ್ಲಿ ದಾರಾ ಖುರೋಡಿಯವರ ನೇತೃತ್ವದಲ್ಲಿ ಗೋರೆಗಾಂವಿನ ಆರೆ ಹಾಲಿನ ಕಾಲೊನಿ ಸ್ಥಾಪಿತವಾಯಿತು. ಸುಮಾರು 1,300 ಹೆಕ್ಟೇರಿನ ಆ ಪ್ರದೇಶ ವಿಕ್ರೋಳಿಗೆ ದೂರವಲ್ಲ. ಇಲ್ಲಿಂದ ಪೊವಾಯಿ ದಾಟಿ ಜೋಗೇಶ್ವರಿಗೆ ಹೋಗುವ ಲಿಂಕ್ ರಸ್ತೆ ಅದರ ಅಂಚನ್ನು ಸವರಿಕೊಂಡೇ ಸಾಗುತ್ತದೆ. ಚಹಾದ ಲೋಟದಲ್ಲಿ ಹಾಲನ್ನು ನಿತ್ಯ ಕಾಣುವ ನಾವು, ಆ ಹಾಲಿನ ಹಿಂದೆ ಒಂದು ಬೆದೆ, ಒಂದು ಗಬ್ಬ, ಒಂದು ಕರು ಇರಲೇಬೇಕೆಂಬುದನ್ನು ಮರೆತಿದ್ದೇವೆ.

ಗಬ್ಬ ಕಟ್ಟದ ಹಸುವಿನ ಬಗೆಗೆ ಪ್ರೋಟೀನುಗಳ ಅಧ್ಯಯನ ಹೇಳುವುದೇನು? 'ನಿಲ್ಲಲಿಲ್ಲ' ಎಂಬ ಒಂದೇ ಫಲಕ್ಕೆ ಹಲವು ಕಾರಣಗಳಿವೆ. ಬೆದೆಯನ್ನು ಗುರುತಿಸದೆ ಸಮಯ ತಪ್ಪಿರಬಹುದು. ಸೋಂಕಿನಿಂದ ಲೋಳೆ ಕೆಟ್ಟಿರಬಹುದು. ವೀರ್ಯದ ಗುಣ ಕಡಮೆಯಿದ್ದಿರಬಹುದು. 1993ರಲ್ಲಿ ಅಮೆರಿಕದ ಗ್ಯಾರಿ ಕಿಲಿಯನ್ ಮತ್ತು ಸಹೋದ್ಯೋಗಿಗಳು ಹೋರಿಗಳ ವೀರ್ಯದ್ರವದಲ್ಲಿಯೇ ಫಲವಂತಿಕೆಯೊಡನೆ ಸಂಬಂಧವಿರುವ ಪ್ರೋಟೀನುಗಳನ್ನು ತೋರಿಸಿದ್ದಾರೆ. ಹೋರಿಗೂ ಇದರಲ್ಲಿ ಪಾಲಿದೆಯೆಂದಾಯಿತು. ಎಲ್ಲಕ್ಕಿಂತ ಮುಖ್ಯವಾಗಿ, ಗರ್ಭ ಫಲಿಸಿಯೂ ಮೊದಲ ಎರಡು ಮೂರು ವಾರಗಳಲ್ಲಿ ಗಣನೀಯ ಪಾಲಿನ ಭ್ರೂಣಗಳು ಅಳಿಯುತ್ತವೆ. ಸಾಕುವವನ ಕಣ್ಣಿಗೆ ಎಲ್ಲವೂ ಒಂದೇ: 21 ದಿನಕ್ಕೆ ಹಸು ಮತ್ತೆ ಬೆದೆಗೆ ಬಂದಿದೆ. ಅವನು ಗೊಡ್ಡು ಎನ್ನುತ್ತಾನೆ. ವಾಸ್ತವದಲ್ಲಿ ಆ ಹಸು ಗಬ್ಬವಾಗಿತ್ತು, ಸುದ್ದಿ ತಲುಪುವ ಮೊದಲೇ ಕಳೆದುಕೊಂಡಿತ್ತು.

ಎರಡು ಮೂರು ದನಗಳನ್ನೇ ನೆಚ್ಚಿದ ಕುಟುಂಬಕ್ಕೆ ಇದು ಪದಕೋಶದ ಚರ್ಚೆಯಲ್ಲ. ಒಂದು ಬೆದೆ ತಪ್ಪಿದರೆ ಮೂರು ವಾರದ ಮೇವು ವ್ಯರ್ಥ. ಮೂರು ನಾಲ್ಕು ತಪ್ಪಿದರೆ ಹಸುವನ್ನು ಮಾರುವ ಯೋಚನೆ. ಇದೇ ಪದವನ್ನು ನಮ್ಮ ಸಮಾಜ ಹೆಣ್ಣುಮಕ್ಕಳ ಮೇಲೆಯೂ ಎಸೆದಿದೆ ಎಂಬುದನ್ನು ನೆನೆದಾಗ, ಕಾರಣವನ್ನು ಕಾಣದೆ ದೋಷವನ್ನು ಹೊರಿಸುವ ಪದದ ಕ್ರೌರ್ಯ ಅರಿವಾಗುತ್ತದೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಕನ್ನಡದಲ್ಲಿ ವಿಜ್ಞಾನ ಬರೆಯುವವರಿಗೆ ಮೂರು ಸೂಚನೆಗಳು ದೊರೆಯುತ್ತವೆ. ಮೊದಲನೆಯದು, ಅನುಭವದ ಪದವಿರುವಲ್ಲಿ ಹೊಸದನ್ನು ಕಟ್ಟಬಾರದು. ಬೆದೆ, ಲೋಳೆ, ಗಬ್ಬ, ಕಂದುಹಾಕು, ಮಾಸು, ಗಿಣ್ಣು ಇವುಗಳಿಗಿಂತ ಖಚಿತವಾದ ಪಾರಿಭಾಷಿಕ ಪದಗಳು ಬೇಕಿಲ್ಲ. ಮದಕಾಲ, ಶ್ಲೇಷ್ಮಸ್ರಾವ ಎಂದು ಕರಪತ್ರದಲ್ಲಿ ಮುದ್ರಿಸಿದರೆ ಹಸು ಸಾಕುವ ತಾಯಿ ಅದನ್ನು ಮಡಚಿಡುತ್ತಾಳೆ. ಎರಡನೆಯದು, ಅನುಭವಕ್ಕೆ ನಿಲುಕದ ವಸ್ತುಗಳಿಗೆ ಲೋಕವೆಲ್ಲ ಬಳಸುವ ಹೆಸರನ್ನೇ ಸ್ವೀಕರಿಸಬೇಕು. ಮ್ಯೂಸಿನ್, ಇಂಟರ್‌ಫೆರಾನ್ ಎಂಬವು ಕನ್ನಡದ ಲಿಪಿಯಲ್ಲಿ ಹಾಗೆಯೇ ಬರಲಿ. ಅವು ಮಾಡುವ ಕೆಲಸವನ್ನು ವಿವರಿಸುವ ವಾಕ್ಯ ಮಾತ್ರ ಅಚ್ಚಗನ್ನಡದ್ದಾಗಿರಲಿ. ಮೂರನೆಯದು, ತೀರ್ಪಿನ ಪದಗಳನ್ನು ಬಿಡಿಸಿ ನೋಡಬೇಕು. ಹಾಲು ಬತ್ತಿದ್ದು, ಬೆದೆಗೆ ಬಾರದ್ದು, ಗಬ್ಬ ನಿಲ್ಲದ್ದು, ಗಬ್ಬ ಕಳೆದದ್ದು ಎಂದು ನಾಲ್ಕು ಮಾತುಗಳಲ್ಲಿ ಹೇಳಿದರೆ ನಾಲ್ಕು ಬಗೆಯ ಉಪಾಯಗಳು ತೋರುತ್ತವೆ. ಗೊಡ್ಡು ಎಂದು ಒಂದೇ ಮಾತಿನಲ್ಲಿ ಹೇಳಿದರೆ ಸಂತೆಯ ದಾರಿಯೊಂದೇ ತೋರುತ್ತದೆ.

ಆ ವಿದ್ಯಾರ್ಥಿನಿಗೆ ಅಂದು ತರಗತಿಯಲ್ಲಿ ಬೆದೆ ಎಂಬುದರ ಅರ್ಥವನ್ನು ಎರಡು ವಾಕ್ಯಗಳಲ್ಲಿ ಹೇಳಿ ಮುಂದಿನ ಪುಟಕ್ಕೆ ಹೋಗಿದ್ದೆ. ನನ್ನಲ್ಲಿಯೂ ಅಜ್ಜಿಯ ಸಂಕೋಚದ ಒಂದಂಶ ಇತ್ತೆಂದು ಈಗ ತೋರುತ್ತದೆ. ಅಂದು ಅರ್ಧದಲ್ಲಿ ಬಿಟ್ಟ ಪಾಠವನ್ನು ಈ ಲೇಖನದಲ್ಲಿ ಪೂರ್ಣಗೊಳಿಸಲು ಯತ್ನಿಸಿದ್ದೇನೆ. ದನಗಳ ರೋಗಕ್ಕೆ ಕನ್ನಡದಲ್ಲಿ ಗ್ರಂಥ ಬರೆಯಲು ಚಾಳುಕ್ಯರ ರಾಜಕುಮಾರನೊಬ್ಬನು ನಾಚಲಿಲ್ಲ. ದನಗಳ ಬೆದೆಯನ್ನು ಕನ್ನಡದಲ್ಲಿ ವಿವರಿಸಲು ಕನ್ನಡದ ಅಧ್ಯಾಪಕರಾದ ನಾವು ನಾಚಬೇಕಾದ ಕಾರಣವಿಲ್ಲ.